ರೋಲ್ಯಾಂಡ್: ಕೈ ಮುಗಿಯುವವರೂ ಇದ್ದಾರೆ, ಬೈಯುವವರೂ ಇದ್ದಾರೆ. ನೀವು ಯಾವ ಕಡೆ?

ಎಡಗೈ ಬೆಂಡರ್ (ಮೈಸೂರು)

ಎಲ್ಲರಿಗೂ ನಮಸ್ಕಾರ. ಹದಿನಾರು ವರ್ಷದಿಂದ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದೇನೆ. ಗಣಪತಿ ಸೀಸನ್, ರಾಜ್ಯೋತ್ಸವ, ಊರಹಬ್ಬ, ಮದುವೆ ರಿಸೆಪ್ಷನ್, ಏನೂ ಬಿಟ್ಟಿಲ್ಲ. ಈ ಸಲ ಕೀಬೋರ್ಡ್ ಬದಲಾಯಿಸಲೇಬೇಕು, ಜಪಾನಿನ ವಾದ್ಯ ಕಂಪನಿ ರೋಲ್ಯಾಂಡ್‌ನದ್ದು ತಗೊಳ್ಳಲಾ ಅಂತ ಯೋಚನೆ. ಒಂದೇ ವಾರದಲ್ಲಿ ಮೂವರನ್ನು ಕೇಳಿದೆ, ಮೂವರೂ ಮೂರು ಥರ ಹೇಳಿದರು. ಒಬ್ಬರು "ರೋಲ್ಯಾಂಡ್ ಬಿಟ್ಟು ಬೇರೆ ಮುಟ್ಟಬೇಡ" ಅಂದರು. ಇನ್ನೊಬ್ಬರು "ಆ ಕಂಪನಿ ಅಜ್ಜನ ಆಸ್ತಿಯಲ್ಲಿ ಕೂತು ಉಣ್ಣುತ್ತಿದೆ" ಅಂದರು. ಮೂರನೆಯವರು "ಕೀಬೋರ್ಡೇ ಯಾಕೆ, ಲ್ಯಾಪ್‌ಟಾಪ್ ತಗೊ" ಅಂದರು. ಮಳೆ ಬಂದಾಗ ಪೆಂಡಾಲ್ ಕೆಳಗೆ ಲ್ಯಾಪ್‌ಟಾಪ್ ತಬ್ಬಿಕೊಂಡು ನಿಂತವರಿಗೇ ಗೊತ್ತು ಆ ಕಷ್ಟ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ರೋಲ್ಯಾಂಡ್‌ನಲ್ಲಿ ನನಗೆ ಇಷ್ಟವಾದದ್ದು ಎಡಗಡೆ ಇರುವ ಆ ಲಿವರ್. ಯಮಹಾದಲ್ಲಿ ಚಕ್ರ, ಕೊರ್ಗ್‌ನಲ್ಲಿ ಹೆಚ್ಚಾಗಿ ಜಾಯ್‌ಸ್ಟಿಕ್. ರೋಲ್ಯಾಂಡ್‌ನದ್ದು ಅಕ್ಕಪಕ್ಕ ಸರಿಸಿದರೆ ಸ್ವರ ಬಾಗುತ್ತದೆ, ಮುಂದಕ್ಕೆ ತಳ್ಳಿದರೆ ಸ್ವರ ಅಲುಗುತ್ತದೆ, ಬಿಟ್ಟರೆ ತಾನೇ ನಡುವಿಗೆ ಬಂದು ನಿಲ್ಲುತ್ತದೆ. ಶಹನಾಯಿ ಬಿಟ್ಸ್ ಬಂದಾಗ ಎಡಗೈ ಹೆಬ್ಬೆರಳೊಂದೇ ಸಾಕು. ಇಷ್ಟವಾಗದ್ದು ಅದರ ಮೆನು. ಗಾಯಕರು ಮೈಕ್ ಹಿಡಿದು ನಿಂತಿರುತ್ತಾರೆ, ನಾನು ಒಂದು ಸೌಂಡಿನ ರಿವರ್ಬ್ (ಗುಂಗುಡುವಿಕೆ) ಕಡಿಮೆ ಮಾಡಲು ಪುಟದ ಮೇಲೆ ಪುಟ ದಾಟುತ್ತಾ ಇರುತ್ತೇನೆ.

ಒಂದೇ ಕಂಪನಿಯ ಬಗ್ಗೆ ಇಷ್ಟೊಂದು ಪ್ರೀತಿ, ಇಷ್ಟೊಂದು ಸಿಟ್ಟು ಎರಡೂ ಯಾಕೆ? ನುಡಿಸುವವರು ಹೇಳಿ. ಯೂಟ್ಯೂಬ್‌ನಲ್ಲಿ ಡಬ್ಬಿ ಬಿಚ್ಚುವವರ ಮಾತು ಕೇಳಿ ಕೇಳಿ ಸಾಕಾಗಿದೆ.

ಪ್ಯಾಡ್ ಪೈಲ್ವಾನ್ (ರಾಣೆಬೆನ್ನೂರು)

ನಮ್ಮ ಕಡೆ ರೋಲ್ಯಾಂಡ್ ಅಂದರೆ ಕೀಬೋರ್ಡ್ ಆಮೇಲೆ ರೀ ಅಣ್ಣಾ, ಮೊದಲು ಆಕ್ಟೋಪ್ಯಾಡ್, ಕೋಲಿನಿಂದ ಬಾರಿಸುವ ಎಲೆಕ್ಟ್ರಾನಿಕ್ ಡ್ರಮ್ ಪ್ಯಾಡ್. ಈಗ ಯಾವ ಕಂಪನಿಯ ಪ್ಯಾಡ್ ತಂದರೂ ಜನ ಆಕ್ಟೋಪ್ಯಾಡ್ ಅಂತಲೇ ಕರೆಯುತ್ತಾರೆ, ನಕಲು ಪ್ರತಿಗೆಲ್ಲ ಝೆರಾಕ್ಸ್ ಅಂದ ಹಾಗೆ. ಆದರೆ ಆ ಹೆಸರು ರೋಲ್ಯಾಂಡ್‌ನದ್ದೇ. 1985ರಲ್ಲಿ ಪ್ಯಾಡ್-8 ಬಂತು. ಮೇಲೆ ನಾಲ್ಕು, ಕೆಳಗೆ ನಾಲ್ಕು. ಅದರ ಹೊಟ್ಟೆಯಲ್ಲಿ ಸ್ವಂತ ಸೌಂಡ್ ಇರಲಿಲ್ಲ, ಬೇರೆ ಪೆಟ್ಟಿಗೆಗೆ ವೈರ್ ಕೊಟ್ಟು ಬಾರಿಸಬೇಕಿತ್ತು. ಆಮೇಲೆ ಎಸ್‌ಪಿಡಿ-20 ಬಂತು ನೋಡಿ, 700 ಸೌಂಡ್ ಒಳಗೇ ಇಟ್ಟುಕೊಂಡು. ತಬಲಾನೂ ಇತ್ತು. ಅಲ್ಲಿಂದ ಅದು ನಮ್ಮ ಸ್ಟೇಜ್ ಬಿಟ್ಟು ಇಳಿದೇ ಇಲ್ಲ.

ನನ್ನ ಸೆಟ್ಟಿಂಗ್ ಹೇಳುತ್ತೇನೆ. ಕೆಳಸಾಲಿನ ಎಡತುದಿಗೆ ಕಿಕ್, ಅಂದರೆ ಬೇಸ್ ಡ್ರಮ್ಮಿನ ಪೆಟ್ಟು. ಅದರ ಪಕ್ಕ ಢೋಲಕ್‌ನ ದಪ್ಪ ಪೆಟ್ಟು, ಆಮೇಲೆ ಸಣ್ಣ ಪೆಟ್ಟು, ಕೊನೆಗೆ ಸ್ನೇರ್. ಮೇಲಿನ ಸಾಲಲ್ಲಿ ತಬಲಾ ಎರಡು, ಒಂದು ಕ್ರ್ಯಾಶ್, ಬಲತುದಿಗೆ ಗೆಜ್ಜೆ. ಜಾನಪದ ಹಾಡು ಜಾಸ್ತಿ ಬಾರಿಸುವವನ ಪ್ಯಾಡ್ ಯಾವುದು ಅಂತ ದೂರದಿಂದಲೇ ಹೇಳಬಹುದು. ಗೆಜ್ಜೆಯ ರಬ್ಬರ್ ನಡುವೆ ಸವೆದು, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಾ ಇರುತ್ತದೆ.

ನನಗೆ ಬೇಜಾರಾದದ್ದು ಒಂದು ಅಂಗಡಿಯವರ ಮೇಲೆ, ಹೆಸರು ಬೇಡ. ಹೊಸದು ಅಂತ ದುಡ್ಡು ತಗೊಂಡು, ಯಾರೋ ಬಾರಿಸಿ ಬಿಟ್ಟ ಪ್ಯಾಡನ್ನು ಹೊಸ ಡಬ್ಬಿಯಲ್ಲಿ ಹಾಕಿ ಕೊಟ್ಟರು. ಮನೆಗೆ ಬಂದು ನೋಡಿದರೆ 3ನೇ ಪ್ಯಾಚ್‌ನಲ್ಲಿ (ಸೆಟ್ಟಿಂಗ್ ಉಳಿಸುವ ಜಾಗ) ಯಾರದ್ದೋ ಲಾವಣಿ ಸೆಟ್ಟಿಂಗ್ ಸೇವ್ ಆಗಿದೆ! ಸಿಟ್ಟು ಬಂದದ್ದು ನಿಜ. ಆದರೆ ಸೆಟ್ಟಿಂಗ್ ಚೆನ್ನಾಗಿತ್ತು ರೀ, ಅದನ್ನು ಇವತ್ತಿಗೂ ಅಳಿಸಿಲ್ಲ.

ಗುಂಡಿ ತಿರುಗಿಸುವವ (ಬೆಂಗಳೂರು)

ಬೈಯುವ ಬಣ ಖಾಲಿ ಇದೆ ಅನ್ನಿಸುತ್ತದೆ, ನಾನೇ ಶುರು ಮಾಡುತ್ತೇನೆ. ನಾನು ಸ್ಟೇಜಿನವನಲ್ಲ. ಮನೆಯಲ್ಲಿ ಕೂತು ಎಲೆಕ್ಟ್ರಾನಿಕ್ ಟ್ರ್ಯಾಕ್ ಮಾಡುವವನು.

ಒಂದು ಹಿಟ್ಟು ರುಬ್ಬಿಕೊಂಡರೆ ಇಡ್ಲಿ, ದೋಸೆ, ಪಡ್ಡು ಮೂರೂ ಆಗುತ್ತದೆ ಅಲ್ವಾ? ರೋಲ್ಯಾಂಡ್ ಈಗ ಮಾಡುತ್ತಿರುವುದು ಅದೇ. 2019ರಿಂದ ಅವರ ಹಿಟ್ಟಿನ ಹೆಸರು ಝೆನ್-ಕೋರ್, ಅಂದರೆ ಸದ್ದು ಹುಟ್ಟಿಸುವ ಡಿಜಿಟಲ್ ಎಂಜಿನ್. ಅವರ ಫ್ಯಾಂಟಮ್ ಕೀಬೋರ್ಡ್ ತೆಗೆದು ನೋಡಿ, ಝೆನ್-ಕೋರ್. ಜೂಪಿಟರ್-ಎಕ್ಸ್? ಝೆನ್-ಕೋರ್. ಜೂನೋ-ಎಕ್ಸ್? ಅದೂ ಅದೇ. ತಟ್ಟೆ ಬೇರೆ, ಗುಂಡಿಗಳ ಜಾಗ ಬೇರೆ, ಬೆಲೆಯಂತೂ ಬೇರೆಯೇ. ಜೂಪಿಟರ್, ಜೂನೋ ಅನ್ನುವ ಹೆಸರು ಮಾತ್ರ ಹಳೇ ಕಾಲದ್ದು. ಜೂಪಿಟರ್ ಅಂತ ಬರೆದ ಪೆಟ್ಟಿಗೆ ಕೊಂಡವರಿಗೆ 1981ರ ಜೂಪಿಟರ್-8ರ ಸರ್ಕ್ಯೂಟ್ ಸಿಗುವುದಿಲ್ಲ, ಅದರ ಲೆಕ್ಕ ಮಾಡಿ ತೋರಿಸುವ ಚಿಪ್ ಸಿಗುತ್ತದೆ.

2015ರಲ್ಲಿ ಬುಟೀಕ್ ಸರಣಿ ತಂದರು. ಜೆಪಿ-08 ನೋಡಿ. ಅಂಗೈ ಅಗಲದ ಪೆಟ್ಟಿಗೆಯ ಮೇಲೆ ಒತ್ತೊತ್ತಾಗಿ ಸ್ಲೈಡರ್. ನನ್ನ ಬೆರಳು ಒಂದನ್ನು ಮುಟ್ಟಿದರೆ ಪಕ್ಕದ್ದೂ ಅಲುಗುತ್ತದೆ. ಮೂಲ ಜೂಪಿಟರ್-8 ಹೆಸರೇ ಹೇಳುವ ಹಾಗೆ ಒಟ್ಟಿಗೆ ಎಂಟು ಸ್ವರ ನುಡಿಯುತ್ತಿತ್ತು. ಇದು ನಾಲ್ಕೇ. ಎಂಟು ಬೇಕಾ? ಎರಡು ಕೊಂಡು ವೈರ್ ಹಾಕಿ ಜೋಡಿಸಿ ಅಂದರು. ವ್ಯಾಪಾರ ಅಂದರೆ ಹೀಗಿರಬೇಕು.

ಇನ್ನು ರೋಲ್ಯಾಂಡ್ ಕ್ಲೌಡ್. ತಿಂಗಳಿಗಿಷ್ಟು ಅಂತ ಬಾಡಿಗೆ ಕಟ್ಟಿ ಹಳೆಯ ಸಿಂಥ್‌ಗಳನ್ನು (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯಗಳನ್ನು) ಕಂಪ್ಯೂಟರಿನಲ್ಲಿ ಬಳಸುವುದು. ಆಮೇಲೆ ಜನ ಕೂಗಾಡಿದ ಮೇಲೆ ಒಂದೇ ಸಲ ದುಡ್ಡು ಕೊಟ್ಟು ಇಟ್ಟುಕೊಳ್ಳುವ ದಾರಿಯನ್ನೂ ಕೊಟ್ಟರು. ಆದರೂ ಮನೆ ಬಾಡಿಗೆ, ಇಂಟರ್ನೆಟ್ ಬಾಡಿಗೆ ಸಾಲದು ಅಂತ ಬೇಸ್ ಡ್ರಮ್ಮಿಗೂ ಬಾಡಿಗೆ ಕಟ್ಟಬೇಕಾ?

ಎಸ್ಪಿ ರೋಡ್ ಸೋಲ್ಡರ್ (ಬೆಂಗಳೂರು)

ಗುಂಡಿ ಸಾಹೇಬರೇ, ನಿಮ್ಮ ಇಡ್ಲಿ-ಪಡ್ಡು ಉಪಮೆ ಚೆನ್ನಾಗಿದೆ. ಆದರೆ ಆ ಹಳೇ ಅನಲಾಗ್ (ಲೆಕ್ಕದ ಚಿಪ್ ಇಲ್ಲದೆ ಸರ್ಕ್ಯೂಟೇ ಸದ್ದು ಮಾಡುವ) ಪೆಟ್ಟಿಗೆಗಳನ್ನು ಬಿಚ್ಚಿ ನೋಡಿದವರು ಅಷ್ಟು ಸುಲಭಕ್ಕೆ ಅತ್ತುಕೊಳ್ಳುವುದಿಲ್ಲ. ನಾನು ರಿಪೇರಿಯವನು.

1984ರ ಜೂನೋ-106 ತಗೊಳ್ಳಿ. ಅದರ ಒಳಗೆ 80017ಎ ಅಂತ ಚಿಪ್ ಬರುತ್ತದೆ, ಸ್ವರಕ್ಕೆ ಒಂದರಂತೆ ಆರು. ಮೇಲೆ ಕಪ್ಪು ಅಂಟಿನ ಲೇಪ. ವರ್ಷ ಕಳೆದ ಹಾಗೆ ಆ ಚಿಪ್ ಕೆಡುತ್ತದೆ, ಒಂದು ಸ್ವರ ಸತ್ತುಹೋಗುತ್ತದೆ, ಇಲ್ಲವೇ ಬಿಟ್ಟರೂ ಬಿಡದೆ ಕೂಗುತ್ತಾ ಇರುತ್ತದೆ. ಲೋಕಕ್ಕೇ ಗೊತ್ತಿರುವ ರೋಗ ಇದು. ಮದ್ದು ಏನು ಗೊತ್ತಾ? ಚಿಪ್ ಬಿಚ್ಚಿ ಅಸಿಟೋನ್‌ನಲ್ಲಿ ನೆನೆಹಾಕುವುದು. ಉಗುರು ಬಣ್ಣ ತೆಗೆಯುವುದಕ್ಕೆ ಹಾಕುತ್ತಾರಲ್ಲ, ಅದೇ. ಲೇಪ ಮೆತ್ತಗಾದ ಮೇಲೆ ಸುಲಿದು ಹಾಕಿದರೆ ಎಷ್ಟೋ ಚಿಪ್ ಎದ್ದು ಕೂರುತ್ತವೆ. 1991ರ ಜೆಡಿ-800ರದ್ದು ಇನ್ನೊಂದು ಕಥೆ. ಕೀಲಿಗಳ ಕೆಳಗೆ ಭಾರಕ್ಕೆ ಇಟ್ಟ ತುಂಡುಗಳನ್ನು ಕೆಂಪು ಅಂಟಿನಿಂದ ಕೂರಿಸಿದ್ದರು. ಆ ಅಂಟು ಕರಗಿ ಜಿನುಗಿ ಕೀಲಿಗಳನ್ನೇ ಹಿಡಿದುಕೊಂಡುಬಿಡುತ್ತದೆ, ಹಲಸಿನ ಮೇಣದ ಹಾಗೆ.

ಇಷ್ಟು ಹೇಳಿದರೂ ನಾನು ಕೈ ಮುಗಿಯುವ ಬಣ. ಕಾರಣ ಇಕುತಾರೋ ಕಾಕೆಹಾಶಿ. ರೋಲ್ಯಾಂಡ್ ಶುರು ಮಾಡಿದವರು. ಹುಡುಗನಾಗಿದ್ದಾಗಲೇ ಗಡಿಯಾರ ರಿಪೇರಿ, ಆಮೇಲೆ ರೇಡಿಯೋ ರಿಪೇರಿ. ನಮ್ಮ ಜಾತಿಯವರು! 1960ರಲ್ಲಿ ಏಸ್ ಅನ್ನುವ ಕಂಪನಿ ಮಾಡಿದರು, ಅದನ್ನು ಬಿಟ್ಟು 1972ರಲ್ಲಿ ಒಸಾಕಾದಲ್ಲಿ ರೋಲ್ಯಾಂಡ್. ಅವರ ಟಿಆರ್-808 ಡ್ರಮ್ ಮಷೀನ್ 1980ರದ್ದು. ಅದರ ಸಿಂಬಲ್‌ನಲ್ಲಿ ಬರುವ ಆ 'ಸ್ಸ್' ಅನ್ನುವ ಸದ್ದಿಗೆ ಅವರು ಬೇಕಂತಲೇ ಸದ್ದು ಮಾಡುವ ಟ್ರಾನ್ಸಿಸ್ಟರ್‌ಗಳನ್ನು ಹುಡುಕಿ ಹಾಕಿದರು. ಅಂದರೆ ಕಾರ್ಖಾನೆಯವರು ದೋಷ ಇದೆ ಅಂತ ತೆಗೆದಿಟ್ಟ ಮಾಲು. ಮುಂದೆ ಟ್ರಾನ್ಸಿಸ್ಟರ್ ತಯಾರಿಕೆ ಸುಧಾರಿಸಿತು, ಕೆಟ್ಟ ಮಾಲು ಸಿಗುವುದೇ ನಿಂತಿತು, 808 ಮಾಡುವುದೂ ನಿಂತಿತು. ಮೂರು ವರ್ಷದಲ್ಲಿ ಸುಮಾರು 12,000 ಮಾಡಿದ್ದರು, ಅಷ್ಟೇ. ಈ ಕಥೆ ನೆನೆದಾಗಲೆಲ್ಲ ನನ್ನ ಅಂಗಡಿಯ ಕಸದ ಡಬ್ಬಿಯನ್ನು ಒಂದು ಸಲ ತಿರುಗಿ ನೋಡುತ್ತೇನೆ.

ಬರ್ಲಿನ್‌ನಲ್ಲಿ ಬೇಳೆಸಾರು

ಸೋಲ್ಡರ್ ಅಣ್ಣ ಹೇಳಿದ 808ಕ್ಕೆ ಒಂದು ಬಾಲ ಸೇರಿಸುತ್ತೇನೆ. ನಾನು ಹುಟ್ಟಿದ್ದು ತುಮಕೂರು, ಈಗ ಹನ್ನೊಂದು ವರ್ಷದಿಂದ ಇಲ್ಲಿ. ಇಲ್ಲಿನ ಕ್ಲಬ್‌ಗಳಲ್ಲಿ ಶನಿವಾರ ರಾತ್ರಿ ಶುರುವಾದ ಕಿಕ್ ಸೋಮವಾರ ಬೆಳಿಗ್ಗೆವರೆಗೂ ನಿಲ್ಲುವುದಿಲ್ಲ. ಆ ಕಿಕ್ ಹೆಚ್ಚಾಗಿ ರೋಲ್ಯಾಂಡ್‌ನ 1983ರ ಡ್ರಮ್ ಮಷೀನ್ ಟಿಆರ್-909ರದ್ದು, ಇಲ್ಲವೇ ಅದರ ನಕಲು.

ಇಲ್ಲಿ ರೋಲ್ಯಾಂಡ್ ಅಂದರೆ ದೇವರು ಅಂತ ನಾನೂ ಅಂದುಕೊಂಡೇ ಬಂದೆ. ಬಂದ ಮೇಲೆ ಗೊತ್ತಾಯಿತು, ದೇವರು ಆ ಪೆಟ್ಟಿಗೆಗಳು, ಕಂಪನಿ ಅಲ್ಲ. ಯಾಕೆ ಅಂತ ಹೇಳುತ್ತೇನೆ. ಟಿಬಿ-303 ಅನ್ನು ರೋಲ್ಯಾಂಡ್ ಮಾಡಿದ್ದು ಗಿಟಾರಿನವರಿಗೆ. ಮನೆಯಲ್ಲಿ ಒಬ್ಬನೇ ಅಭ್ಯಾಸ ಮಾಡುವಾಗ ಬೇಸ್ ನುಡಿಸುವವನ ಬದಲಿಗೆ ಈ ಬೆಳ್ಳಿ ಬಣ್ಣದ ಡಬ್ಬಿ. ತಾಡಾವೋ ಕಿಕುಮೋತೋ ಅನ್ನುವವರ ವಿನ್ಯಾಸ. ಸದ್ದು ಬೇಸ್ ಗಿಟಾರಿನ ಹತ್ತಿರಕ್ಕೂ ಬರಲಿಲ್ಲ. ಒಂದು ಸಾಲು ಬರೆಯಬೇಕೆಂದರೆ ಸ್ವರಗಳನ್ನು ಒಂದು ಸಲ, ಅವುಗಳ ಕಾಲವನ್ನು ಇನ್ನೊಂದು ಸಲ ಬೇರೆಯಾಗಿ ಕೊಡಬೇಕು. ಗಿಟಾರಿನವರು ಬೈದು ಮೂಲೆಗೆ ಹಾಕಿದರು. 1984ಕ್ಕೆ ತಯಾರಿಕೆಯೇ ನಿಂತಿತು. ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಚಿಲ್ಲರೆ ಬೆಲೆಗೆ ಬಿತ್ತು. ಆಗ ಷಿಕಾಗೋದ ಹುಡುಗರ ಕೈಗೆ ಸಿಕ್ಕಿತು. ಫ್ಯೂಚರ್ ಅನ್ನುವ ತಂಡ. ಮಷೀನ್ ತನ್ನ ಪಾಡಿಗೆ ಓಡುತ್ತಿದ್ದರೆ ಅವರು ಸುಮ್ನೆ ಸದ್ದಿನ ಬಣ್ಣ ಬದಲಿಸುವ ಫಿಲ್ಟರ್ ಗುಂಡಿ ತಿರುಗಿಸುತ್ತಾ ಕೂತರು. ಆ ಕಿರುಚಾಟವನ್ನೇ 1987ರಲ್ಲಿ ರೆಕಾರ್ಡ್ ಮಾಡಿ ಹೊರಬಿಟ್ಟರು. ಆಸಿಡ್ ಹೌಸ್ ಅನ್ನುವ ಡ್ಯಾನ್ಸ್ ಸಂಗೀತದ ಪ್ರಕಾರ ಬೆಳೆದದ್ದು ಅಲ್ಲಿಂದ.

ಸೋತ ಮಾಲು, ಬಡ ಹುಡುಗರು, ತಪ್ಪು ಬಳಕೆ. ಈ ಮೂರರಿಂದ ಬಂದ ಹೆಸರು ಅದು. ಈಗ ಆ ಹೆಸರಿಗೆ ಬೆಲೆ ಹಾಕಿ ಮಾರುತ್ತಿರುವವರು ಕಂಪನಿಯವರು. ಗುಂಡಿ ಅವರ ಸಿಟ್ಟಿನ ಬೇರು ಇಲ್ಲೇ ಇದೆ ಅನ್ನಿಸುತ್ತದೆ. ಹಳೇ 303, 909 ಈಗ ಇಲ್ಲಿ ಸಾವಿರಾರು ಯೂರೋ. ಬಡ ಹುಡುಗರು ಯಾರೂ ಮುಟ್ಟುವ ಹಾಗಿಲ್ಲ.

ಶ್ರುತಿ ಬಾಕ್ಸ್ (ಉಡುಪಿ)

303ರ ಕಥೆ ಷಿಕಾಗೋದಿಂದ ಶುರು ಮಾಡಿದರೆ ಹೇಗೆ ಮಾರಾಯ್ರೆ? ಮುಂಬೈಯ ಚರಣ್‌ಜಿತ್ ಸಿಂಗ್ ಅವರನ್ನು ಮರೆತಿರಲ್ಲ! ಹಿಂದಿ ಸಿನಿಮಾ ವಾದ್ಯವೃಂದದಲ್ಲಿ ನುಡಿಸುತ್ತಿದ್ದವರು. 1982ರಲ್ಲೇ 808, 303, ಜೂಪಿಟರ್-8 ಮೂರನ್ನೂ ಜೋಡಿಸಿಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿ ರೆಕಾರ್ಡ್ ತಂದರು. ಮೇಘ್ ಮಲ್ಹಾರ್ ಇದೆ, ಮಾಲ್ಕೌಂಸ್ ಇದೆ. ಷಿಕಾಗೋದವರಿಗಿಂತ ಐದು ವರ್ಷ ಮೊದಲು. ಆಗ ಯಾರೂ ಕೇಳಲಿಲ್ಲ. 2010ರಲ್ಲಿ ಅದು ಮತ್ತೆ ಬಿಡುಗಡೆಯಾದಾಗ ಯುರೋಪಿನವರು ಬೆಚ್ಚಿಬಿದ್ದರು. ವಯಸ್ಸಾದ ಮೇಲೆ ಅವರು ಹೊರದೇಶಗಳಲ್ಲಿ ಕಾರ್ಯಕ್ರಮ ಕೊಟ್ಟರು, 2015ರಲ್ಲಿ ತೀರಿಕೊಂಡರು.

ನಾನು ಕರ್ನಾಟಕ ಸಂಗೀತ ಕಲಿಸುವವಳು, ಕೀಬೋರ್ಡ್ ಕ್ಲಾಸ್ ಕೂಡ ನಡೆಸುತ್ತೇನೆ. ನನ್ನ ಕಿವಿಗೆ 303 ಹಿಡಿಸಿದ್ದು ಅದರ ಸ್ಲೈಡ್. ಒಂದು ಸ್ವರದಿಂದ ಇನ್ನೊಂದಕ್ಕೆ ಜಿಗಿಯದೆ ಜಾರಿಕೊಂಡು ಹೋಗುತ್ತದೆ. ನಮ್ಮ ಜಾರು ಇದ್ದ ಹಾಗೆ. ರೋಲ್ಯಾಂಡ್‌ನವರು ಅದನ್ನು ನಮಗಾಗಿ ಮಾಡಿದ್ದಲ್ಲ, ಆದರೆ ರಾಗ ಗೊತ್ತಿದ್ದವರ ಕೈಗೆ ಸಿಕ್ಕಿದಾಗ ಅದು ರಾಗದ ಕೆಲಸ ಮಾಡಿತು.

ಬೆಂಡರ್ ಅವರೇ, ನಿಮ್ಮ ಲಿವರ್ ವಿಷಯಕ್ಕೆ ಬರುತ್ತೇನೆ. ನನಗೆ ಅದರ ಮೇಲೆ ಪ್ರೀತಿ ಅರ್ಧ, ತಕರಾರು ಅರ್ಧ. ತೋಡಿಯ ಗಾಂಧಾರ ತಗೊಳ್ಳಿ. ಅದು ಕೀಲಿ ಒತ್ತಿ ನಿಲ್ಲಿಸುವ ಸ್ವರ ಅಲ್ಲ, ಕೆಳಗಿನಿಂದ ಮೇಲಕ್ಕೆ ತೂಗುತ್ತಲೇ ಇರಬೇಕು. ಲಿವರಿನಲ್ಲಿ ಆ ತೂಗು ಚೆನ್ನಾಗಿ ಬರುತ್ತದೆ, ಸ್ಪ್ರಿಂಗ್ ತಾನೇ ವಾಪಸ್ ಎಳೆಯುವುದರಿಂದ ಕೈಗೆ ಆಯಾಸವಿಲ್ಲ. ಆದರೆ ಮಕ್ಕಳು ಉತ್ಸಾಹದಲ್ಲಿ ಬಾಗಿಸುವಾಗ ಗೊತ್ತಿಲ್ಲದೆ ಮುಂದಕ್ಕೂ ತಳ್ಳಿಬಿಡುತ್ತಾರೆ. ಗಮಕದ ಮೇಲೆ ಇನ್ನೊಂದು ಅಲುಗಾಟ ಬಂದು ಕೂರುತ್ತದೆ. ಪಾಯಸಕ್ಕೆ ಸಕ್ಕರೆಯ ಮೇಲೆ ಬೆಲ್ಲ ಹಾಕಿದ ಹಾಗೆ. ನಾನು ಮೊದಲು ಮಾಡುವ ಕೆಲಸ, ಆ ಮುಂದಕ್ಕೆ ತಳ್ಳುವುದಕ್ಕೆ ಕೊಟ್ಟಿರುವ ಅಲುಗಾಟವನ್ನು ಸೊನ್ನೆ ಮಾಡುವುದು. ಎರಡನೆಯದು, ಬೆಂಡ್ ರೇಂಜ್, ಅಂದರೆ ಲಿವರ್ ಸ್ವರವನ್ನು ಎಷ್ಟು ದೂರ ಬಾಗಿಸುತ್ತದೆ ಅನ್ನುವುದು. ಸಾಮಾನ್ಯವಾಗಿ ಎರಡು ಸೆಮಿಟೋನ್ (ಅಕ್ಕಪಕ್ಕದ ಕೀಲಿಗಳ ಅಂತರ ಒಂದು ಸೆಮಿಟೋನ್) ಇರುತ್ತದೆ, ಅದನ್ನು ಮೂರು ಮಾಡಿಕೊಂಡರೆ ಗಾಂಧಾರ ಹಿಡಿಯುವಾಗ ಬೆರಳಿಗೆ ಜಾಗ ಸಿಗುತ್ತದೆ.

ಎಡಗೈ ಬೆಂಡರ್ (ಮೈಸೂರು)

ಮೇಡಂ, ಇದನ್ನು ಹದಿನಾರು ವರ್ಷದಲ್ಲಿ ಯಾರೂ ಹೇಳಿರಲಿಲ್ಲ. ಮೂರು ಸೆಮಿಟೋನ್ ಇವತ್ತೇ ಮಾಡಿ ನೋಡುತ್ತೇನೆ.

ಲೆಗ್ ಹಾರ್ಮೋನಿಯಂ (ಗದಗ)

ನನಗೆ ಎಪ್ಪತ್ತು ದಾಟಿದೆ, ಮೊಮ್ಮಗ ಟೈಪ್ ಮಾಡಿಕೊಡುತ್ತಿದ್ದಾನೆ. ನಾಟಕ ಕಂಪನಿಯಲ್ಲಿ ಲೆಗ್ ಹಾರ್ಮೋನಿಯಂ ತುಳಿದು ಕೈ ಪಳಗಿದವನು ನಾನು. ಆಮೇಲೆ ಸ್ಟುಡಿಯೋ ಕೆಲಸಕ್ಕೆ ಹೋದೆ.

ನೀವೆಲ್ಲ 808, 303 ಅನ್ನುತ್ತಿದ್ದೀರಿ. ನಾವು ಬಾಯಿ ಬಿಟ್ಟು ನಿಂತದ್ದು ರೋಲ್ಯಾಂಡ್‌ನ ಡಿ-50 ಕೀಬೋರ್ಡ್ ಕೇಳಿದಾಗ. ಅದು 1987ರ ವಾದ್ಯ, ನಾನು ಕೇಳುವಾಗ ಎರಡು ವರ್ಷ ಆಗಿತ್ತು. ಸ್ಟುಡಿಯೋದಲ್ಲಿ ಒಬ್ಬ ಹುಡುಗ ಹೊದಿಕೆ ತೆಗೆದು ಒಂದು ಕೀಲಿ ಒತ್ತಿದ. ಕೊಳಲಿಗೆ ಉಸಿರು ತಾಗುವ ಸದ್ದು ಬಂತು, ಆಮೇಲೆ ಮಂಜು ಕವಿದ ಹಾಗೆ ಏನೋ ಹರಡಿತು. ಪಕ್ಕದಲ್ಲಿ ಕೂತಿದ್ದ ನಮ್ಮ ಕೊಳಲಿನವರು ತಮ್ಮ ಕೊಳಲನ್ನು ಸದ್ದಿಲ್ಲದೆ ಚೀಲದೊಳಗೆ ಇಟ್ಟುಕೊಂಡರು. ಆ ಕೈ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ಅದರ ಗುಟ್ಟು ಆಮೇಲೆ ಇಂಜಿನಿಯರ್ ಒಬ್ಬರು ತಿಳಿಸಿದರು. ಒಗ್ಗರಣೆಯ ವಾಸನೆ ಬಂದರೆ ಸಾಕು, ಸಾರು ಯಾವುದು ಅಂತ ಮೂಗು ಹೇಳಿಬಿಡುತ್ತದೆ. ಕಿವಿಯೂ ಹಾಗೇ. ಸ್ವರ ಶುರುವಾಗುವ ಆ ಮೊದಲ ಕ್ಷಣ ಕೇಳಿ ಇದು ಕೊಳಲು, ಇದು ತಂತಿ ಅಂತ ತೀರ್ಮಾನ ಮಾಡಿಬಿಡುತ್ತದೆ. ಆಗ ಮೆಮರಿ ಚಿಪ್ ತುಂಬ ದುಬಾರಿ. ಅದಕ್ಕೇ ಡಿ-50ರಲ್ಲಿ ಆ ಮೊದಲ ಚೂರನ್ನು ಮಾತ್ರ ನಿಜವಾದ ಸದ್ದಿನಿಂದ ತುಂಬಿ, ಉಳಿದದ್ದನ್ನು ಸಿಂಥ್‌ನಿಂದ ಎಳೆದರು. ಒಗ್ಗರಣೆ ಮಾತ್ರ ತುಪ್ಪದ್ದು, ಸಾರು ನೀರಿನದ್ದು. ಆದರೆ ಕುಡಿದವರಿಗೆ ಗೊತ್ತಾಗಲಿಲ್ಲ.

ಆಮೇಲೆ ಏನಾಯಿತು ಎಲ್ಲರಿಗೂ ಗೊತ್ತು. ಎಂಟು ಪಿಟೀಲು ಕರೆಸುವ ಕಡೆ ನಾಲ್ಕು ಕರೆಸಿದರು, ಆಮೇಲೆ ಒಂದು, ಆಮೇಲೆ ಕೀಬೋರ್ಡ್ ಒಂದೇ. ಒಂದು ಸ್ಟುಡಿಯೋದವರು ನನಗೆ ಮೂರು ಕಾಲ್‌ಶೀಟ್‌ನ ದುಡ್ಡು ಕೊಡದೆ ಕೀಬೋರ್ಡ್ ಬಂದಿದೆ ಇನ್ನು ಬರಬೇಡಿ ಅಂದರು. ಅದಕ್ಕೆ ಜಪಾನಿನವರನ್ನು ಬೈಯಲೇ? ಬೈದರೆ ನಗುತ್ತಾರೆ. ಮುಂದಿನ ವರ್ಷ ನಾನೇ ಸಾಲ ಮಾಡಿ ಕೀಬೋರ್ಡ್ ತಗೊಂಡೆ.

ಇನ್ನೊಂದು ಮಾತು. ಮಿಡಿ, ಅಂದರೆ ವಾದ್ಯಗಳು ಒಂದಕ್ಕೊಂದು ಮಾತಾಡುವ ಭಾಷೆ, ಬರುವ ಮೊದಲು ಒಂದು ಕಂಪನಿಯ ವಾದ್ಯ ಇನ್ನೊಂದು ಕಂಪನಿಯದ್ದರ ಜೊತೆ ಮಾತಾಡುತ್ತಿರಲಿಲ್ಲ. ಬೀಗರ ನಡುವೆ ಜಗಳ ಆದ ಹಾಗೆ. ಕಾಕೆಹಾಶಿ ಮತ್ತೆ ಅಮೆರಿಕದ ಸಿಂಥ್ ತಯಾರಕ ಡೇವ್ ಸ್ಮಿತ್ ಮುಂದೆ ನಿಂತು ಆ ಜಗಳ ಬಿಡಿಸಿದರು. 1983ರ ಜನವರಿಯಲ್ಲಿ ಅಮೆರಿಕದ ವಾದ್ಯಮೇಳದಲ್ಲಿ ಸ್ಮಿತ್ ಅವರ ಪ್ರಾಫೆಟ್-600 ಮತ್ತು ರೋಲ್ಯಾಂಡ್‌ನ ಜೂಪಿಟರ್-6 ನಡುವೆ ಒಂದು ವೈರ್ ಹಾಕಿ ತೋರಿಸಿದರು. ಒಂದರಲ್ಲಿ ನುಡಿಸಿದರೆ ಇನ್ನೊಂದು ನುಡಿಯಿತು. ಅದಕ್ಕೆ ಯಾರಿಂದಲೂ ಕಾಸು ಕೇಳಲಿಲ್ಲ, ಎಲ್ಲರೂ ಬಳಸಲಿ ಅಂದರು. 2013ರಲ್ಲಿ ಇಬ್ಬರಿಗೂ ಸೇರಿಸಿ ಗ್ರ್ಯಾಮಿಯ ತಾಂತ್ರಿಕ ಪ್ರಶಸ್ತಿ ಬಂತು. ಆ ಒಂದು ಕೆಲಸಕ್ಕೆ ನಾನು ಕೈ ಮುಗಿಯುತ್ತೇನೆ. ಉಳಿದದ್ದು ನೀವು ಜಗಳ ಆಡಿಕೊಳ್ಳಿ.

(ತಾತ ಮಲಗಲು ಹೋದರು. ಮೊಮ್ಮಗ.)

ಗುಂಡಿ ತಿರುಗಿಸುವವ (ಬೆಂಗಳೂರು)

ಗುರುಗಳ ಮಾತಿನ ಮುಂದೆ ಏನು ಹೇಳುವುದು. ಆದರೆ ಒಂದು ಪ್ರಶ್ನೆ. ಆವತ್ತು ಕಾಸು ಕೇಳದೆ ಮಿಡಿ ಬಿಟ್ಟುಕೊಟ್ಟ ಕಂಪನಿ, ಇವತ್ತು ಹಳೇ ಸೌಂಡ್ ಒಂದೊಂದಕ್ಕೂ ಬೇರೆ ಬೇರೆ ಬಿಲ್ ಯಾಕೆ ಹಾಕುತ್ತಿದೆ? ಕಾಕೆಹಾಶಿ 2013ರಲ್ಲಿ ಕಂಪನಿ ಬಿಟ್ಟರು, 2017ರಲ್ಲಿ ತೀರಿಕೊಂಡರು. 2014ರಲ್ಲಿ ಮ್ಯಾನೇಜ್‌ಮೆಂಟ್‌ನವರು ಹೂಡಿಕೆ ಕಂಪನಿಯ ದುಡ್ಡು ತಂದು ಷೇರುಗಳನ್ನೆಲ್ಲ ಕೊಂಡುಕೊಂಡರು. ಆಮೇಲಿನ ರೋಲ್ಯಾಂಡ್ ಬೇರೆಯೇ ಕಂಪನಿ ಅಂತ ನನ್ನ ಲೆಕ್ಕ.

ಅದಕ್ಕೇ ನಾನು ಹಳೇ ವಾದ್ಯಗಳ ಅಗ್ಗದ ಮಾದರಿ ಮಾಡುವ ಬೆರಿಂಗರ್ ಕಂಪನಿ ಕಡೆ ಹೋದೆ. 2019ರಲ್ಲಿ ಅವರು 808ರ ಮಾದರಿಯ ಆರ್‌ಡಿ-8, 303ರ ಮಾದರಿಯ ಟಿಡಿ-3 ತಂದರು. ಅನಲಾಗ್, ಅದೂ ಅಗ್ಗ. ನನ್ನಂಥವನಿಗೆ ಇನ್ನೇನು ಬೇಕು?

ಬರ್ಲಿನ್‌ನಲ್ಲಿ ಬೇಳೆಸಾರು

ಗುಂಡಿ, ಅದಕ್ಕೆ ನಾನು ಒಪ್ಪುವುದಿಲ್ಲ. ಹೋಟೆಲಿನವರು ಪಲ್ಯ ಚೆನ್ನಾಗಿ ಮಾಡುವುದು ಬಿಟ್ಟರು ಅಂತ ಅವರ ಅಡುಗೆ ಪುಸ್ತಕ ಕದ್ದವನನ್ನು ಹೊಗಳಬೇಕಾ? ಇದೇ ಎರಡು ಕಂಪನಿಗಳು 2005ರಲ್ಲೇ ಕೋರ್ಟಿನಲ್ಲಿ ನಿಂತಿದ್ದವು, ರೋಲ್ಯಾಂಡ್‌ನ 'ಬಾಸ್' ಬ್ರ್ಯಾಂಡಿನ ಗಿಟಾರ್ ಪೆಡಲ್‌ಗಳ ಬಣ್ಣ, ಆಕಾರ ನಕಲು ಮಾಡಿದ್ದಾರೆ ಅಂತ.

ಗುಂಡಿ ತಿರುಗಿಸುವವ (ಬೆಂಗಳೂರು)

ಸ್ವಾಮಿ, ಹೋಟೆಲೇ ಆ ಪಲ್ಯ ಮಾಡುವುದು ನಿಲ್ಲಿಸಿ ಮೂವತ್ತೈದು ವರ್ಷ ಆಗಿತ್ತು! ಜನ ಹಸಿದುಕೊಂಡು ಕೂತಿರಬೇಕಿತ್ತಾ? ಮೇಲೆ ನೀವೇ ಹೇಳಿದ್ದು, ಬಡ ಹುಡುಗರು ಮುಟ್ಟುವ ಹಾಗಿಲ್ಲ ಅಂತ. ಟಿಡಿ-3 ಮುಟ್ಟಬಹುದು.

ಬರ್ಲಿನ್‌ನಲ್ಲಿ ಬೇಳೆಸಾರು

ಸರಿ, ಅಲ್ಲಿ ಸಿಕ್ಕಿಹಾಕಿಕೊಂಡೆ. ಆದರೆ ಈಗ ಹೋಟೆಲ್ ಮತ್ತೆ ಪಲ್ಯ ಶುರು ಮಾಡಿದೆಯಲ್ಲ. 2025ರಲ್ಲಿ ಬಂದ ರೋಲ್ಯಾಂಡ್‌ನ ಡ್ರಮ್ ಮಷೀನ್ ಟಿಆರ್-1000 ನೋಡಿದಿರಾ? 808, 909ರ ಅನಲಾಗ್ ಸರ್ಕ್ಯೂಟ್‌ಗಳನ್ನು ಮತ್ತೆ ಕಟ್ಟಿದ್ದಾರೆ. ನಲವತ್ತು ವರ್ಷ ಜನ ಕೇಳಿಕೊಂಡ ಮೇಲೆ.

ಗುಂಡಿ ತಿರುಗಿಸುವವ (ಬೆಂಗಳೂರು)

ನೋಡಿದೆ. ಬೆಲೆ ಎರಡೂವರೆ ಸಾವಿರ ಡಾಲರ್‌ಗೂ ಮೇಲೆ. ಇಲ್ಲಿಗೆ ಬರುವ ಹೊತ್ತಿಗೆ ಅದು ಒಂದು ಸ್ಕೂಟರ್, ಹೆಲ್ಮೆಟ್, ಇನ್ಶೂರೆನ್ಸ್ ಸೇರಿ ಆಗುತ್ತದೆ. ಆದರೂ ಡೆಮೋ ವಿಡಿಯೋ ನಾಲ್ಕು ಸಲ ನೋಡಿದೆ, ಸುಳ್ಳು ಯಾಕೆ ಹೇಳಲಿ.

ಎಸ್ಪಿ ರೋಡ್ ಸೋಲ್ಡರ್ (ಬೆಂಗಳೂರು)

ಇಬ್ಬರೂ ಜಗಳ ಆಡುತ್ತಿರುವುದು ಪ್ರಪಂಚದ ಬೇರೆ ಬೇರೆ ಮೂಲೆಯ ರೋಲ್ಯಾಂಡ್‌ಗೆ. ನನ್ನ ಬೆಂಚಿನ ಮೇಲೆ ಹತ್ತು ಪೆಟ್ಟಿಗೆ ಬಂದರೆ 808 ಒಂದೂ ಇರುವುದಿಲ್ಲ. ಎಕ್ಸ್‌ಪಿಎಸ್-10 ಇರುತ್ತದೆ, ಎಸ್‌ಪಿಡಿ-20 ಇರುತ್ತದೆ. ವಿದೇಶದ ಪತ್ರಿಕೆಗಳಲ್ಲಿ ಎಕ್ಸ್‌ಪಿಎಸ್ ಬಗ್ಗೆ ಒಂದು ಸಾಲೂ ಸಿಗುವುದು ಕಷ್ಟ. ಆದರೆ ಭಾರತದ ವಾದ್ಯಗಳ ಸೌಂಡ್ ಹಾಕಿ ನಮ್ಮ ಮಾರುಕಟ್ಟೆಗೆ ಇಳಿಸಿದ ಕೀಬೋರ್ಡ್ ಅದು. ಹಗುರ. ಬಸ್ಸಿನ ಲಗೇಜ್ ಜಾಗದಲ್ಲಿ ಮಲಗುತ್ತದೆ. ಅನಲಾಗಾ ಡಿಜಿಟಲಾ ಅಂತ ಅದನ್ನು ಕೊಂಡವರು ಯಾರೂ ನನ್ನನ್ನು ಕೇಳಿಲ್ಲ. "ಭಾನುವಾರ ಪ್ರೋಗ್ರಾಂ ಇದೆ, ಶನಿವಾರ ಸಿಗುತ್ತದಾ?" ಅಷ್ಟೇ ಕೇಳುವುದು.

ಹೋದ ತಿಂಗಳು ಒಂದು ಕೀಬೋರ್ಡ್ ಬಂತು, ಯಾವ ಕಂಪನಿ ಅಂತ ಕೇಳಬೇಡಿ. ನಾಲ್ಕು ಕೀಲಿ ಮಾತಾಡುತ್ತಿರಲಿಲ್ಲ. ಬಿಚ್ಚಿದೆ. ಕೀಲಿಗಳ ಕೆಳಗಿನ ರಬ್ಬರ್ ಪಟ್ಟಿಯ ಮೇಲೆ ಅರಿಶಿನ, ಕುಂಕುಮ, ಎರಡು ಅಕ್ಷತೆ ಕಾಳು. ಆಯುಧಪೂಜೆಗೆ ಭಕ್ತಿಯಿಂದ ಪೂಜೆ ಮಾಡಿದ್ದರು. ಸ್ಪಿರಿಟ್ ಹಾಕಿ ಒರೆಸಿ ಕೂರಿಸಿದೆ, ಎಲ್ಲ ಕೀಲಿ ಬಾಯಿಬಿಟ್ಟವು. ಪೂಜೆ ಮಾಡಿ, ಬೇಡ ಅನ್ನುವುದಿಲ್ಲ. ಮೇಲೊಂದು ಟವೆಲ್ ಹಾಸಿ ಮಾಡಿ.

ಪ್ಯಾಡ್ ಪೈಲ್ವಾನ್ (ರಾಣೆಬೆನ್ನೂರು)

ಹಹ್ಹಾ, ನಮ್ಮ ತಂಡದವರು ನಿಂಬೆಹಣ್ಣು ಹಿಂಡಿದ್ದರು ರೀ ಪ್ಯಾಡ್ ಮೇಲೆ! ದೃಷ್ಟಿ ತೆಗೆಯುವುದಕ್ಕೆ.

ಶ್ರುತಿ ಬಾಕ್ಸ್ (ಉಡುಪಿ)

ಎಕ್ಸ್‌ಪಿಎಸ್ ಮಾತು ಬಂತಲ್ಲ, ಒಂದು ತಕರಾರು ಇದೆ. ಭಾರತೀಯ ಸೌಂಡ್ ಅಂತ ಕೊಟ್ಟರೆ ಸಿತಾರ್, ತಬಲಾ, ಶಹನಾಯಿ ಮುಂದೆ ಇರುತ್ತವೆ. ಯಾವ ಕಂಪನಿ ಆದರೂ ಇದೇ ಹಾಡು. ನಾಗಸ್ವರ ಹುಡುಕಿ. ಚಂಡೆ ಹುಡುಕಿ. ನಾನು ಯಕ್ಷಗಾನದ ಊರಿನವಳು, ಚಂಡೆಯ ಆ ಉರುಳಿಕೆಗೆ ಹತ್ತಿರದ್ದು ಒಂದೂ ಸಿಕ್ಕಿಲ್ಲ. ಕೊನೆಗೆ ನಾವೇ ರೆಕಾರ್ಡ್ ಮಾಡಿ ಹಾಕಿಕೊಳ್ಳಬೇಕು. ಶ್ರುತಿ ಪೆಟ್ಟಿಗೆ, ತಂಬೂರಿಯ ವಿಷಯದಲ್ಲಿ ಬೆಂಗಳೂರಿನ ರಾಡೆಲ್‌ನವರು ನಮ್ಮ ಕಿವಿಗೆ ತಕ್ಕ ಹಾಗೆ ಮಾಡಿ ತೋರಿಸಿದ್ದಾರೆ. ಕೀಬೋರ್ಡ್‌ನಲ್ಲಿ ಅಂಥದ್ದೊಂದು ಬರಲಿ ಅಂತ ಕಾಯುತ್ತಿದ್ದೇನೆ.

ಎಡಗೈ ಬೆಂಡರ್ (ಮೈಸೂರು)

ಎಲ್ಲರಿಗೂ ಥ್ಯಾಂಕ್ಸ್. ಮೇಡಂ ಹೇಳಿದ ಮೂರು ಸೆಮಿಟೋನ್ ಹಾಕಿಕೊಂಡು ನಿನ್ನೆ ರಿಹರ್ಸಲ್‌ನಲ್ಲಿ ನುಡಿಸಿದೆ. ಮೊದಲ ಎರಡು ಹಾಡು ಎಲ್ಲಾ ಸ್ವರ ಮೇಲೆ ಹೋಗಿ, ಗಾಯಕರು ತಿರುಗಿ ತಿರುಗಿ ನೋಡಿದರು. ಮೂರನೆಯದಕ್ಕೆ ಕೈ ಕೂತಿತು.

ಕ್ಲೌಡು, ಝೆನ್-ಕೋರು ನನಗೆ ಅರ್ಥವಾದದ್ದು ಅರ್ಧ. ಗುಂಡಿ ಅವರೇ, ನಿಮ್ಮ ಸಿಟ್ಟು ನ್ಯಾಯವೇ, ಆದರೆ ನನ್ನ ಕೆಲಸಕ್ಕೆ ಅದು ತಾಗುವುದಿಲ್ಲ. ಒಂದು ಎಕ್ಸ್‌ಪಿಎಸ್-30 ಸೆಕೆಂಡ್‌ಹ್ಯಾಂಡ್ ಇದೆ ಅಂತ ಮಂಡ್ಯದಿಂದ ಫೋನ್ ಬಂದಿದೆ. ಭಾನುವಾರ ಹೋಗಿ ನೋಡುತ್ತೇನೆ. ಲಿವರ್ ಸಡಿಲ ಆಗಿದ್ದರೆ ವಾಪಸ್ ಬರುತ್ತೇನೆ. ಸೋಲ್ಡರ್ ಅಣ್ಣಾ, ಬೇರೆ ಏನು ನೋಡಬೇಕು?

ಎಸ್ಪಿ ರೋಡ್ ಸೋಲ್ಡರ್ (ಬೆಂಗಳೂರು)

ಒಂದೊಂದೇ ಕೀಲಿಯನ್ನು ಮೆಲ್ಲಗೆ ಒತ್ತಿ, ಆಮೇಲೆ ಜೋರಾಗಿ ಒತ್ತಿ. ಮೆಲ್ಲಗೆ ಒತ್ತಿದರೂ ಜೋರಾಗಿ ಕೂಗುವ ಕೀಲಿ ಇದ್ದರೆ ರಬ್ಬರ್ ಪಟ್ಟಿ ಕೊಳೆಯಾಗಿದೆ, ಬೆಲೆ ಇಳಿಸಿ ಕೇಳಿ. ವಾಲ್ಯೂಮ್ ಗುಂಡಿ ತಿರುಗಿಸುವಾಗ ಬರಬರ ಅಂದರೆ ಧೂಳು, ಅದು ದೊಡ್ಡದಲ್ಲ. ಮೂಲ ಅಡಾಪ್ಟರ್ ಕೊಡುತ್ತಾರಾ ಕೇಳಿ. ಇಲ್ಲ ಅಂದರೆ ಸಿಕ್ಕ ಅಡಾಪ್ಟರ್ ಚುಚ್ಚಬೇಡಿ. ಪ್ಲಸ್ಸು ಮೈನಸ್ಸು ಹಿಂದುಮುಂದಾದರೆ ಭಾನುವಾರವೇ ನನ್ನ ಬೆಂಚಿಗೆ ಬರುತ್ತೀರಿ.

ಪ್ಯಾಡ್ ಪೈಲ್ವಾನ್ (ರಾಣೆಬೆನ್ನೂರು)

ಅಣ್ಣಾ, 1ನೇ ಪ್ಯಾಚಿನಿಂದ ಕೊನೆಯವರೆಗೂ ಎಲ್ಲಾ ಕೇಳಿಕೊಂಡು ಬನ್ನಿ ರೀ. ಹಳೇ ಓನರ್ ಏನಾದರೂ ಒಳ್ಳೆಯದು ಸೇವ್ ಮಾಡಿಟ್ಟಿರಬಹುದು.